ಬೆಟ್ಟ ಬಿಡಾರವಾಗುವ ಬಗೆ

ಪರದೇಶದಿಂದ ನಡೆದು ಬಂದವರಿಗೆ ಆಂಧ್ರದ ಬೆಟ್ಟಗಳು ಒಂದು ಕಾಲಕ್ಕೆ ಕೋಣೆ, ನೀರು, ಊಟ, ಪಾಠ ಎಲ್ಲವನ್ನೂ ಕೊಟ್ಟವು. ವಿಜಯವಾಡದ ಸುತ್ತಲಿನ ಗುಹೆಗಳಲ್ಲೂ ವಿಶಾಖಪಟ್ಟಣದ ಕಡಲಂಚಿನ ಕೊಂಡಗಳಲ್ಲೂ ಆ ಆತಿಥ್ಯದ ಗುರುತುಗಳು ಇನ್ನೂ ಉಳಿದಿವೆ.

ಚೀನಾದ ಭಿಕ್ಷು ಹ್ಯೂಯೆನ್ ತ್ಸಾಂಗ್ ಕೃಷ್ಣಾ ತೀರಕ್ಕೆ ಬಂದದ್ದು ಕ್ರಿ.ಶ. 640ರ ಆಸುಪಾಸಿನಲ್ಲಿ. ಊರು ಬಿಟ್ಟು ಸುಮಾರು ಹತ್ತು ವರ್ಷವಾಗಿತ್ತು. ಮರುಭೂಮಿ ದಾಟಿ, ಹಿಮದ ಕಣಿವೆಗಳನ್ನು ಹಾಯ್ದು, ನಳಂದದಲ್ಲಿ ಓದಿ ದಕ್ಷಿಣಕ್ಕೆ ತಿರುಗಿದ್ದ ಆತನಿಗೆ ಧಾನ್ಯಕಟಕ ನಾಡಿನಲ್ಲಿ ಇಬ್ಬರು ಭಿಕ್ಷುಗಳ ಗೆಳೆತನ ಸಿಕ್ಕಿತು. ಅವರ ಹೆಸರು ಸುಭೂತಿ ಮತ್ತು ಸೂರ್ಯ. ಮಹಾಸಾಂಘಿಕ ಪಂಥದ ಗ್ರಂಥಗಳಲ್ಲಿ ಇಬ್ಬರೂ ಪಳಗಿದವರು. ಹ್ಯೂಯೆನ್ ತ್ಸಾಂಗ್ ಕೆಲವು ತಿಂಗಳು ಅಲ್ಲೇ ನಿಂತು ಅವರಿಂದ ಅಭಿಧರ್ಮದ ಪಾಠ ಹೇಳಿಸಿಕೊಂಡ. ಅವರು ಅವನಿಂದ ಮಹಾಯಾನದ ಶಾಸ್ತ್ರಗಳನ್ನು ಕಲಿತರು. ಮನಸ್ಸು ಕೂಡಿದ ಮೇಲೆ ಮೂವರೂ ಜೊತೆಯಾಗಿ ಪುಣ್ಯಸ್ಥಳಗಳ ದರ್ಶನಕ್ಕೆ ಹೊರಟರು ಎಂದು ಹುಯಿಲಿ ಬರೆದ ಹ್ಯೂಯೆನ್ ತ್ಸಾಂಗನ ಜೀವನಚರಿತ್ರೆ ಹೇಳುತ್ತದೆ.

ಆ ನಾಡಿನ ಎರಡು ಬೆಟ್ಟದ ವಿಹಾರಗಳನ್ನು ಹ್ಯೂಯೆನ್ ತ್ಸಾಂಗ್ ತನ್ನ ಪ್ರವಾಸ ಗ್ರಂಥದಲ್ಲಿ ವಿವರವಾಗಿ ಬಣ್ಣಿಸಿದ್ದಾನೆ. ರಾಜಧಾನಿಯ ಪೂರ್ವಕ್ಕೆ ಬೆಟ್ಟಕ್ಕೆ ಒರಗಿಕೊಂಡು ಪೂರ್ವಶೈಲ, ಪಶ್ಚಿಮಕ್ಕೆ ಇನ್ನೊಂದು ಬೆಟ್ಟಕ್ಕೆ ಒರಗಿಕೊಂಡು ಅಪರಶೈಲ. ಹಿಂದಿನ ಕಾಲದ ಒಬ್ಬ ಅರಸ ಬಂಡೆ ಕಡಿಸಿ ದಾರಿ ಮಾಡಿ, ಉದ್ದನೆಯ ಮೊಗಸಾಲೆಗಳನ್ನೂ ಒಂದಕ್ಕೊಂದು ಕೂಡಿದ ಗುಹೆಗಳನ್ನೂ ಕಟ್ಟಿಸಿದನಂತೆ. ಮಳೆಗಾಲ ಬಂತೆಂದರೆ ಸಾವಿರ ಮಂದಿ ಭಿಕ್ಷುಗಳು ಅಲ್ಲಿ ಒಟ್ಟಿಗೆ ವಾಸ ಹೂಡುತ್ತಿದ್ದರಂತೆ. ಆದರೆ ಹ್ಯೂಯೆನ್ ತ್ಸಾಂಗ್ ಬರುವ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ. ನೂರು ವರ್ಷಗಳಿಂದ ಬೆಟ್ಟದ ದೈವ ರೂಪ ಬದಲಿಸಿ, ಒಮ್ಮೆ ತೋಳವಾಗಿ ಒಮ್ಮೆ ಕೋತಿಯಾಗಿ ಕಾಣಿಸಿಕೊಂಡು ದಾರಿಹೋಕರನ್ನು ಹೆದರಿಸುತ್ತಿದೆ, ಅದಕ್ಕೇ ಜಾಗ ಪಾಳುಬಿದ್ದಿದೆ ಎಂದು ಅವನು ಬರೆದಿಟ್ಟ.

ಸಾವಿರ ಜನರಿಗೆ ಸೂರು ಕೊಟ್ಟ ಬೆಟ್ಟ ನೂರೇ ವರ್ಷದಲ್ಲಿ ತೋಳದ ಬೆಟ್ಟವಾಯಿತು. ಇದನ್ನು ದಂತಕಥೆಯೆಂದು ತಳ್ಳಿಹಾಕುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಊರಿನಿಂದ ದೂರವಿರುವ ಒಂದು ಬೆಟ್ಟ ಮನುಷ್ಯನಿಗೆ ಬಿಡಾರವಾಗುವುದು ಯಾವುದರಿಂದ? ಬಂಡೆ, ಗುಹೆ, ಮೊಗಸಾಲೆ ಎಲ್ಲವೂ ಇದ್ದಲ್ಲೇ ಇದ್ದವು. ಹೋದದ್ದು ಮತ್ತೇನೋ. ವಿಜಯವಾಡದಿಂದ ವಿಶಾಖಪಟ್ಟಣದವರೆಗಿನ ಬೆಟ್ಟಗಳನ್ನು ಸುತ್ತಿದರೆ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಯಾವ ಊರು, ಯಾವ ಬೆಟ್ಟ

ಹ್ಯೂಯೆನ್ ತ್ಸಾಂಗ್ ಕಂಡ ರಾಜಧಾನಿ ಯಾವುದು ಎಂಬ ಬಗ್ಗೆ ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಅಲೆಕ್ಸಾಂಡರ್ ಕನಿಂಗ್‌ಹ್ಯಾಮ್ ಅದು ಅಮರಾವತಿಯ ಪಕ್ಕದ ಧರಣಿಕೋಟ ಎಂದರು. ವಾಸ್ತುಶಿಲ್ಪದ ಇತಿಹಾಸಕಾರ ಜೇಮ್ಸ್ ಫರ್ಗುಸನ್ ಅದು ಬೆಜವಾಡ, ಅಂದರೆ ಇಂದಿನ ವಿಜಯವಾಡ ಎಂದು ವಾದಿಸಿದರು. ಫರ್ಗುಸನ್ನರ ವಾದಕ್ಕೆ ಬಲ ಕೊಟ್ಟದ್ದು ಊರಿನ ನೆಲದ ರಚನೆ. ಅಮರಾವತಿಯ ಸುತ್ತ ಬಯಲು. ವಿಜಯವಾಡದ ಪೂರ್ವಕ್ಕೂ ಪಶ್ಚಿಮಕ್ಕೂ ಬೆಟ್ಟಗಳಿವೆ, ಎರಡೂ ಕಡೆ ಬಂಡೆಯಲ್ಲಿ ಕೊರೆದ ಗುಹೆಗಳಿವೆ. ಪೂರ್ವದಲ್ಲಿ ಮೊಗಲ್ರಾಜಪುರದ ಗುಹೆಗಳು, ಪಶ್ಚಿಮದಲ್ಲಿ ಕನಕದುರ್ಗೆಯ ಇಂದ್ರಕೀಲಾದ್ರಿ. ನದಿ ದಾಟಿದರೆ ನಾಲ್ಕು ಅಂತಸ್ತಿನ ಉಂಡವಲ್ಲಿ ಗುಹೆ.

ಈ ನೆಲ ಕನ್ನಡಿಗರಿಗೆ ಹೊಸದಲ್ಲ. ಹ್ಯೂಯೆನ್ ತ್ಸಾಂಗ್ ಇಲ್ಲಿಗೆ ಬರುವ ಕೆಲವು ವರ್ಷ ಮೊದಲು ಬಾದಾಮಿಯ ಇಮ್ಮಡಿ ಪುಲಕೇಶಿ ಇಲ್ಲಿಯ ವೆಂಗಿ ನಾಡನ್ನು ಗೆದ್ದು ತಮ್ಮ ಕುಬ್ಜ ವಿಷ್ಣುವರ್ಧನನನ್ನು ಅಲ್ಲಿ ಆಳಲು ಇಟ್ಟಿದ್ದ. ರವಿಕೀರ್ತಿ ಬರೆದ ಐಹೊಳೆಯ ಶಾಸನ 634ರದ್ದು. ಪಿಷ್ಟಪುರದ ಕೋಟೆ ಮುರಿದದ್ದು, ಕುನಾಲದ ಕೊಳ ಕೆಂಪಾದದ್ದು ಎಲ್ಲ ಅದರಲ್ಲಿದೆ. ಪಿಷ್ಟಪುರವೆಂದರೆ ಇಂದಿನ ಪಿಠಾಪುರಂ, ಕುನಾಲವೆಂದರೆ ಕೊಲ್ಲೇರು ಸರೋವರ. ಎರಡೂ ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ಹೋಗುವ ದಾರಿಯ ಆಸುಪಾಸಿನವೇ. ಅದೇ ಶಾಸನ ಕಾಳಿದಾಸನ ಜೊತೆಗೆ ಭಾರವಿಯನ್ನು ನೆನೆಯುತ್ತದೆ. ಭಾರವಿ ಹಾಡಿದ್ದು ಇಂದ್ರಕೀಲದಲ್ಲಿ ಅರ್ಜುನ ಮಾಡಿದ ತಪಸ್ಸನ್ನು. ಆ ಇಂದ್ರಕೀಲ ತಮ್ಮದೇ ಎಂದು ಬೆಜವಾಡದ ಜನ ತಲೆಮಾರುಗಳಿಂದ ನಂಬಿದ್ದಾರೆ. ಆಂಧ್ರ ಬಿಟ್ಟು ಕಂಚಿಯ ಕಡೆ ಹೋಗಿ ತಿರುಗಿದ ಹ್ಯೂಯೆನ್ ತ್ಸಾಂಗ್ ಮುಂದೆ ಪುಲಕೇಶಿಯ ನಾಡಿಗೂ ಬಂದ. ಅಂದರೆ ಅವನ ದಕ್ಷಿಣ ಪಯಣದ ಒಂದು ಪಾಲು ಅಣ್ಣ ತಮ್ಮಂದಿರ ಆಳ್ವಿಕೆಯ ನೆಲದಲ್ಲೇ ನಡೆಯಿತು.

ಮೊದಲು ನೀರು

ಬೆಟ್ಟದ ಬಿಡಾರ ಹೇಗಿರುತ್ತಿತ್ತು ಎಂದು ತಿಳಿಯಬೇಕಾದರೆ ವಿಶಾಖಪಟ್ಟಣಕ್ಕೆ ಹೋಗಬೇಕು. ನಗರದಿಂದ ಭೀಮುನಿಪಟ್ನದ ಕಡೆ ಕಡಲ ದಂಡೆಯ ರಸ್ತೆಯಲ್ಲಿ ಸಾಗಿದರೆ ಎಡಗಡೆಗೆ ಕೆಂಪು ಬೆಟ್ಟಗಳ ಸಾಲು. ಮಂಗಮಾರಿಪೇಟೆಯ ಬಳಿ ಸಮುದ್ರಮಟ್ಟದಿಂದ 128 ಮೀಟರ್ ಎತ್ತರದಲ್ಲಿ ತೊಟ್ಲಕೊಂಡ ಇದೆ. ನೌಕಾಪಡೆ ತನ್ನ ನೆಲೆಗಾಗಿ ಆಕಾಶದಿಂದ ಸಮೀಕ್ಷೆ ನಡೆಸಿದಾಗ ಈ ಅವಶೇಷಗಳು ಕಣ್ಣಿಗೆ ಬಿದ್ದವು. 1988ರಿಂದ 1993ರವರೆಗೆ ಆಂಧ್ರದ ಪುರಾತತ್ತ್ವ ಇಲಾಖೆ ಇಲ್ಲಿ ಉತ್ಖನನ ಮಾಡಿತು. ಸ್ತೂಪ, ಚೈತ್ಯಗೃಹ, ಕಂಬಗಳ ಸಭಾಮಂಟಪ, ಸಾಲು ಸಾಲು ಕೋಣೆಗಳ ವಿಹಾರಗಳು, ಅಡುಗೆಮನೆ, ಊಟದ ಸಾಲೆ, ಕಲ್ಲು ಹಾಸಿದ ಕಾಲುದಾರಿ ಬೆಳಕಿಗೆ ಬಂದವು. ಕ್ರಿಸ್ತಪೂರ್ವದ ಕೊನೆಯ ಶತಮಾನಗಳಿಂದ ಕ್ರಿಸ್ತಶಕದ ಎರಡು ಮೂರನೆಯ ಶತಮಾನದವರೆಗೆ ಇಲ್ಲಿ ಜನವಾಸ ಇತ್ತು.

ಕೋಣೆಗಳು ಚಿಕ್ಕವು. ಒಬ್ಬ ಮಲಗಬಹುದು, ಕೂತು ಓದಬಹುದು, ಅಷ್ಟೇ. ಬಾಗಿಲಿಂದ ಹೊರಗೆ ಬಂದರೆ ಬಂಗಾಳಕೊಲ್ಲಿ. ಆದರೆ ಇಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಬಂಡೆಯಲ್ಲಿ ಕೊರೆದ ನೀರಿನ ತೊಟ್ಟಿಗಳನ್ನು. ಬೆಟ್ಟಕ್ಕೆ ಹೆಸರು ಬಂದದ್ದೂ ಅವುಗಳಿಂದಲೇ. ಬೆಟ್ಟದ ನೆತ್ತಿಯಲ್ಲಿ ಹೊಳೆ ಇಲ್ಲ, ತೊರೆ ಇಲ್ಲ. ಕೆಳಗೆ ಕಣ್ಣು ತುಂಬುವಷ್ಟು ನೀರಿದೆ, ಆದರೆ ಅದು ಉಪ್ಪು. ಮಳೆಗಾಲದ ನಾಲ್ಕು ತಿಂಗಳು ಸುರಿದದ್ದನ್ನು ಹಿಡಿದಿಟ್ಟರೆ ಉಂಟು, ಬಿಟ್ಟರೆ ಇಲ್ಲ. ಆದ್ದರಿಂದ ಇಲ್ಲಿಯ ಜನ ಬಂಡೆಯನ್ನೇ ಕೊರೆದು ತೊಟ್ಟಿ ಮಾಡಿದರು. ಹತ್ತಿರದ ಬಾವಿಕೊಂಡದಲ್ಲೂ ಇದೇ ಕಥೆ. ಅಲ್ಲಿ ಬೆಟ್ಟದ ಮೇಲಿನ ಬಾವಿಗಳೇ ಹೆಸರಿಗೆ ಕಾರಣ. 1982ರಿಂದ 87ರ ನಡುವೆ ಅಲ್ಲಿ ನಡೆದ ಉತ್ಖನನದಲ್ಲಿ ಮಡಕೆಯೊಂದರಲ್ಲಿ ಮೂಳೆಯ ತುಣುಕು ಸಿಕ್ಕಿತು. ಅದು ಬುದ್ಧನ ಧಾತುವೇ ಇರಬೇಕೆಂದು ನಂಬುವವರಿದ್ದಾರೆ.

ಬೆಟ್ಟದ ಬಿಡಾರದಲ್ಲಿ ನೀರಿಗೆ ಇರುವ ಬೆಲೆಯನ್ನು ಇನ್ನೊಬ್ಬ ಚೀನೀ ಯಾತ್ರಿಕ ಫಾಹಿಯಾನ್ ಕೂಡ ಹೇಳಿದ್ದಾನೆ. ಐದನೆಯ ಶತಮಾನದ ಆರಂಭದಲ್ಲಿ ಉತ್ತರ ಭಾರತದಲ್ಲಿದ್ದ ಅವನು ದಕ್ಷಿಣದ ಒಂದು ಬಂಡೆಯ ವಿಹಾರದ ಬಗ್ಗೆ ಕೇಳಿ ಬರೆದ. ಐದು ಅಂತಸ್ತು, ಕೆಳಗಿನದು ಆನೆಯ ಆಕಾರ, ಮೇಲಿನದು ಪಾರಿವಾಳದ ಆಕಾರ, ಒಟ್ಟು 1500 ಕೋಣೆಗಳು. ನೆತ್ತಿಯಲ್ಲಿ ಒಂದು ಚಿಲುಮೆ. ಅದರ ನೀರು ಪ್ರತಿ ಅಂತಸ್ತಿನ ಕೋಣೆಗಳ ಮುಂದೆ ಸುತ್ತಿ, ಕೆಳಗಿನ ಅಂತಸ್ತಿಗೆ ಇಳಿದು, ಕೊನೆಗೆ ಬಾಗಿಲಿನಿಂದ ಹೊರಗೆ ಹರಿಯುತ್ತಿತ್ತಂತೆ. ಲೆಕ್ಕದಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ಪ್ರತಿ ಕೋಣೆಯ ಬಾಗಿಲಿಗೂ ನೀರು ಮುಟ್ಟಬೇಕು ಎಂಬ ಆಸೆ ಬೆಟ್ಟದಲ್ಲಿ ಬಾಳಿ ನೋಡಿದವರದ್ದು.

ಅತಿಥಿಗೂ ಮನೆಯವರಿಗೂ ಪಾಠ

ನೀರಿದ್ದರೆ ಸಾಲದು. ಗೊತ್ತಿಲ್ಲದವನೊಬ್ಬ ಸಂಜೆ ಹೊತ್ತು ಬೆಟ್ಟ ಹತ್ತಿ ಬಂದಾಗ ಅವನೊಡನೆ ಹೇಗೆ ನಡೆದುಕೊಳ್ಳಬೇಕು? ಬೌದ್ಧರ ವಿನಯ ಪಿಟಕ ಇದನ್ನು ನಿಯಮವಾಗಿಯೇ ಬರೆದಿಟ್ಟಿದೆ. ಅದರ ಚುಲ್ಲವಗ್ಗ ಎಂಬ ಭಾಗದ ಒಂದು ಅಧ್ಯಾಯ ಪೂರ್ತಿ ಇಂಥ ನಡವಳಿಕೆಗೇ ಮೀಸಲು.

ವಿಹಾರದಲ್ಲಿ ಇರುವವನು ಬಂದ ಹಿರಿಯ ಭಿಕ್ಷುವಿಗೆ ಆಸನ ಹಾಕಬೇಕು, ಕಾಲು ತೊಳೆಯಲು ನೀರು ಇಡಬೇಕು, ಎದುರು ಹೋಗಿ ಪಾತ್ರೆ ಮತ್ತು ಚೀವರ, ಅಂದರೆ ಹೊದೆಯುವ ಬಟ್ಟೆ, ಇಸಿದುಕೊಳ್ಳಬೇಕು, ಕುಡಿಯುವ ನೀರು ಬೇಕೇ ಎಂದು ಕೇಳಬೇಕು. ಯಾವ ಕೋಣೆ ಖಾಲಿ ಇದೆ, ಭಿಕ್ಷೆಗೆ ಯಾವ ಕಡೆ ಹೋಗಬಹುದು ಎಂದು ತಿಳಿಸಬೇಕು. ಬಂದವನಿಗೂ ಕಟ್ಟಳೆಯುಂಟು. ಆವರಣದ ಹೊರಗೇ ಚಪ್ಪಲಿ ಕಳಚಿ ಧೂಳು ಕೊಡವಬೇಕು, ಕೊಡೆ ಇಳಿಸಬೇಕು. ಯಾರೂ ಇಲ್ಲದ ಕೋಣೆಯಾದರೆ ಬಾಗಿಲು ತಟ್ಟಿ ಒಂದು ಗಳಿಗೆ ಕಾಯಬೇಕು. ಆಮೇಲೆ ಅಗಳಿ ತೆಗೆದು ಹೊರಗೇ ನಿಂತು ಒಳಗೆ ನೋಡಬೇಕು. ಹಾವು ಹುಳಗಳಿರುವ ನಾಡಿನಲ್ಲಿ ಇದರ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹೊರಡುವಾಗ ಮರದ ಸಾಮಾನು, ಮಣ್ಣಿನ ಸಾಮಾನು ಒಪ್ಪವಾಗಿಟ್ಟು, ಕಿಟಕಿ ಬಾಗಿಲು ಮುಚ್ಚಿ, ಕೋಣೆಯನ್ನು ಯಾರಿಗಾದರೂ ಒಪ್ಪಿಸಿ ಹೋಗಬೇಕು.

ಕಾಡಿನಲ್ಲಿ ವಾಸಿಸುವ ಭಿಕ್ಷುಗಳಿಗೆ ಇನ್ನೂ ಕೆಲವು ನಿಯಮಗಳಿವೆ. ಕುಡಿಯುವ ನೀರು, ಬಳಸುವ ನೀರು, ಬೆಂಕಿ, ಬೆಂಕಿ ಹೊಸೆಯುವ ಕಡ್ಡಿ, ಊರುಗೋಲು ಇವು ಯಾವಾಗಲೂ ಸಿದ್ಧವಿರಬೇಕು. ನಕ್ಷತ್ರಗಳನ್ನು ಗುರುತಿಸಲು ಬರಬೇಕು. ದಿಕ್ಕುಗಳು ಗೊತ್ತಿರಬೇಕು. ಈ ನಿಯಮ ಹುಟ್ಟಿದ ಸಂದರ್ಭವನ್ನೂ ಗ್ರಂಥ ಹೇಳುತ್ತದೆ. ಕಾಡಿನ ಭಿಕ್ಷುಗಳ ಬಳಿ ಕಳ್ಳರು ಬಂದು ನೀರಿದೆಯೇ, ಬೆಂಕಿ ಇದೆಯೇ, ಇಂದು ಯಾವ ನಕ್ಷತ್ರ, ಇದು ಯಾವ ದಿಕ್ಕು ಎಂದು ಕೇಳಿದರು. ಒಂದಕ್ಕೂ ಉತ್ತರ ಬರಲಿಲ್ಲ. ಇವರು ಭಿಕ್ಷುಗಳೇ ಅಲ್ಲ ಎಂದು ಕಳ್ಳರು ಅವರನ್ನು ಹೊಡೆದು ಹೋದರು. ಇಂದು ಚಾರಣಕ್ಕೆ ಹೊರಡುವವರಿಗೆ ಕೊಡುವ ಪಟ್ಟಿ ನೋಡಿ: ನೀರು, ಬೆಂಕಿಪೊಟ್ಟಣ, ಕೋಲು, ದಿಕ್ಸೂಚಿ. ಎರಡು ಸಾವಿರ ವರ್ಷದಲ್ಲಿ ಪಟ್ಟಿ ಅಷ್ಟಾಗಿ ಬದಲಾಗಿಲ್ಲ.

ಮಳೆಗಾಲದ ಮೂರು ತಿಂಗಳು ಭಿಕ್ಷು ಅಲೆಯಬಾರದು, ಒಂದೆಡೆ ನಿಲ್ಲಬೇಕು. ಅದೂ ಮರದ ಪೊಟರೆಯಲ್ಲಿ, ಕೊಡೆಯ ಕೆಳಗೆ, ಬಯಲಿನಲ್ಲಿ ನಿಲ್ಲುವಂತಿಲ್ಲ. ಸರಿಯಾದ ಸೂರು ಬೇಕು. ಗುಹೆಗೆ ಒಪ್ಪಿಗೆ ಇತ್ತು. ಆದ್ದರಿಂದಲೇ ಇಷ್ಟೊಂದು ಬೆಟ್ಟಗಳು ಕೋಣೆಗಳಾದವು. ವರ್ಷದ ಒಂಬತ್ತು ತಿಂಗಳು ನಡೆಯುವವರಿಗೆ ಮೂರು ತಿಂಗಳ ಮನೆ ಬೇಕಿತ್ತು.

ಇಂಥ ಮನೆಗಳನ್ನು ಲೋಕದ ಬೇರೆ ಕಡೆಯೂ ಜನ ಕಟ್ಟಿದ್ದಾರೆ. ಆಲ್ಪ್ಸ್ ಪರ್ವತದ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆಯಲ್ಲಿ ಸುಮಾರು 2,470 ಮೀಟರ್ ಎತ್ತರದಲ್ಲಿ ಹನ್ನೊಂದನೆಯ ಶತಮಾನದಲ್ಲಿ ಕ್ರೈಸ್ತ ಸನ್ಯಾಸಿಗಳು ತೆರೆದ ಧರ್ಮಛತ್ರ ಇಂದಿಗೂ ದಾರಿಹೋಕರನ್ನು ಬರಮಾಡಿಕೊಳ್ಳುತ್ತದೆ. ಬದರಿಯ ಹಳೆಯ ಕಾಲುದಾರಿಯಲ್ಲಿ ಚಟ್ಟಿಗಳೆಂಬ ತಂಗುದಾಣಗಳಿದ್ದವು. ನಮ್ಮಲ್ಲಿ ಕುಕ್ಕೆಯಿಂದ ಕುಮಾರಪರ್ವತ ಹತ್ತುವವರಿಗೆ ಗಿರಿಗದ್ದೆಯ ‘ಭಟ್ಟರ ಮನೆ’ ಗೊತ್ತು. ನೀರು, ಬಿಸಿ ಅನ್ನ, ದಾರಿಯ ಬಗ್ಗೆ ಒಂದು ಎಚ್ಚರಿಕೆಯ ಮಾತು, ಮಲಗಲು ಒಂದಿಷ್ಟು ಜಾಗ. ಮೂರು ಕಡೆಯೂ ದಾರಿಹೋಕರಿಗೆ ಸಿಕ್ಕದ್ದು ಅದೇ.

ಜೊತೆಗಾರ ಯಾಕೆ ಬೇಕು

ತಾನು ಕೇಳಿ ಬರೆದ ಆ ಪಾರಿವಾಳದ ವಿಹಾರಕ್ಕೆ ಫಾಹಿಯಾನ್ ಹೋಗಲಿಲ್ಲ. ದಕ್ಷಿಣದ ದಾರಿ ಕಷ್ಟದ್ದು. ಹೋಗಬೇಕೆಂದವರು ಮೊದಲು ಅರಸನಿಗೆ ಕಾಣಿಕೆ ಸಲ್ಲಿಸಬೇಕು. ಆಮೇಲೆ ಅರಸನ ಆಳುಗಳು ಒಂದು ಹಂತದಿಂದ ಇನ್ನೊಂದು ಹಂತಕ್ಕೆ ಕೈಯಿಂದ ಕೈಗೆ ದಾಟಿಸುತ್ತಾ ಕರೆದೊಯ್ಯುತ್ತಾರೆ ಎಂದು ಅವನು ಕಾರಣ ಬರೆದ. ನೆಲ ಬಲ್ಲವನು ಜೊತೆಗಿಲ್ಲದೆ ಹೋಗುವ ಮಾತೇ ಇರಲಿಲ್ಲ.

ಜೊತೆಯ ಬೆಲೆ ಫಾಹಿಯಾನನಿಗೆ ಚೆನ್ನಾಗಿ ಗೊತ್ತಿತ್ತು. 399ರಲ್ಲಿ ಚಾಂಗ್‌ಆನ್ ಬಿಟ್ಟಾಗ ಅವನೊಂದಿಗೆ ಗೆಳೆಯರ ಗುಂಪೇ ಇತ್ತು. ಕೆಲವರು ನಡುದಾರಿಯಲ್ಲಿ ಹಿಂದಿರುಗಿದರು. ಹುಯಿಜಿಂಗ್ ಎಂಬವನು ಹಿಮದ ಬೆಟ್ಟದಲ್ಲಿ ಅವನ ಕಣ್ಣೆದುರೇ ಪ್ರಾಣ ಬಿಟ್ಟ. ಕೊನೆಗೆ ಉಳಿದ ದಾವೋಝೆಂಗ್ ಇಲ್ಲಿಯ ವಿಹಾರಗಳ ಶಿಸ್ತನ್ನು ಮೆಚ್ಚಿ ಭಾರತದಲ್ಲೇ ನಿಂತುಬಿಟ್ಟ. ಒಬ್ಬಂಟಿಯಾಗಿ ಸಿಂಹಳಕ್ಕೆ ಹೋದ ಫಾಹಿಯಾನ್, ಅಲ್ಲಿ ಬುದ್ಧನ ಮೂರ್ತಿಯ ಬಳಿ ವ್ಯಾಪಾರಿಯೊಬ್ಬ ಅರ್ಪಿಸಿದ ಚೀನಾದ ಬಿಳಿ ರೇಷ್ಮೆಯ ಬೀಸಣಿಗೆ ಕಂಡು ಕಣ್ಣೀರು ಹಾಕಿದ.

ಹ್ಯೂಯೆನ್ ತ್ಸಾಂಗನ ಕೃಷ್ಣಾ ತೀರದ ಗೆಳೆತನ ಇನ್ನೊಂದು ಬಗೆಯದು. ಸುಭೂತಿ ಮತ್ತು ಸೂರ್ಯ ಅವನಿಗೆ ದಾರಿ ತೋರಿಸುವ ಆಳುಗಳಾಗಿರಲಿಲ್ಲ. ಮೊದಲು ಗುರುಗಳಾದರು, ಆಮೇಲೆ ಶಿಷ್ಯರಾದರು, ಕೊನೆಗೆ ಸಹಯಾತ್ರಿಗಳಾದರು. ಬೇರೆ ಪಂಥ, ಬೇರೆ ದೇಶ. ಆದರೂ ಒಬ್ಬರ ವಿದ್ಯೆಯನ್ನು ಇನ್ನೊಬ್ಬರು ಕೇಳಿ ಪಡೆದರು. ಪ್ರವಾಸಿ ಹೀಗೆ ಕೊಡುವವನೂ ಆದಾಗ ಅವನು ಆ ನಾಡಿಗೆ ಹೊರಗಿನವನಾಗಿ ಉಳಿಯುವುದಿಲ್ಲ. ಪೂರ್ವಶೈಲದ ಪಾಳುಬಿದ್ದ ಮೊಗಸಾಲೆಗಳಿಗೆ ಒಂದು ಕಾಲದಲ್ಲಿ ಜೀವ ಕೊಟ್ಟಿದ್ದು ಇಂಥ ಕೊಡುಕೊಳೆಯೇ. ಸಾವಿರ ಜನ ಒಟ್ಟಿಗೆ ಮಳೆಗಾಲ ಕಳೆಯುವುದೆಂದರೆ ಮೂರು ತಿಂಗಳು ಪಾಠ, ವಾದ, ಸೇವೆ, ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರ ಆರೈಕೆ.

ಬೆಟ್ಟ ಬರಿದಾದಾಗ

ತೊಟ್ಲಕೊಂಡದ ಮಣ್ಣಿನಲ್ಲಿ ಶಾತವಾಹನರ ಸೀಸದ ನಾಣ್ಯಗಳೂ ರೋಮಿನ ಬೆಳ್ಳಿಯ ನಾಣ್ಯಗಳೂ ಸಿಕ್ಕಿವೆ. ಕೆಳಗಿನ ಕಡಲಿನಲ್ಲಿ ಹಡಗು ಓಡಾಡುತ್ತಿದ್ದ ಕಾಲದಲ್ಲಿ ವರ್ತಕರ ದಾನ ಬೆಟ್ಟ ಹತ್ತುತ್ತಿತ್ತು. ರೋಮಿನ ವ್ಯಾಪಾರ ಕುಗ್ಗಿತು, ಶಾತವಾಹನರ ಆಳ್ವಿಕೆ ಮುಗಿಯಿತು, ಮುಂದಿನ ಅರಸರ ಭಕ್ತಿ ಬೇರೆ ದೇವರುಗಳ ಕಡೆ ಹೊರಳಿತು. ಬೆಟ್ಟದ ಮೇಲಿನವರಿಗೆ ಕೆಳಗಿನ ಊರಿನಿಂದ ಬರುವ ಅನ್ನ ನಿಂತರೆ ಬಂಡೆಯ ಗಟ್ಟಿತನದಿಂದ ಏನೂ ಆಗದು.

ಕೆಲವು ಬೆಟ್ಟಗಳು ಹೆಚ್ಚು ಕಾಲ ಬಾಳಿದವು. ಅನಕಾಪಲ್ಲಿಯ ಬಳಿಯ ಶಂಕರಂ ಗ್ರಾಮದಲ್ಲಿ ಬೊಜ್ಜನ್ನಕೊಂಡ ಮತ್ತು ಲಿಂಗಾಲಕೊಂಡ ಎಂಬ ಜೋಡಿ ಬೆಟ್ಟಗಳಿವೆ. ಬಂಡೆಯನ್ನೇ ಕಡಿದು ಮಾಡಿದ ಸ್ತೂಪಗಳು, ಗುಹೆಗಳು, ಇಟ್ಟಿಗೆಯ ವಿಹಾರ ಅಲ್ಲಿವೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅಲೆಕ್ಸಾಂಡರ್ ರೀ ಅಲ್ಲಿ ಅಗೆದಾಗ ಸಮುದ್ರಗುಪ್ತನ ಚಿನ್ನದ ನಾಣ್ಯವೊಂದು ಸಿಕ್ಕಿತು. ಜೊತೆಗೆ ‘ವಿಷಮಸಿದ್ಧಿ’ ಎಂಬ ಬಿರುದು ಹೊತ್ತ ತಾಮ್ರದ ನಾಣ್ಯಗಳೂ ಸಿಕ್ಕವು. ಅದು ಕುಬ್ಜ ವಿಷ್ಣುವರ್ಧನನ ಬಿರುದು. ಹ್ಯೂಯೆನ್ ತ್ಸಾಂಗ್ ಕೃಷ್ಣಾ ತೀರದಲ್ಲಿ ಪಾಳುಬಿದ್ದ ಬೆಟ್ಟಗಳನ್ನು ಕಂಡ ಕಾಲಕ್ಕೆ, ಬಾದಾಮಿಯಿಂದ ಬಂದ ಅರಸನ ನಾಣ್ಯಗಳು ಉತ್ತರದ ಈ ಬೆಟ್ಟದ ಮೇಲೆ ಇನ್ನೂ ಕೈಯಿಂದ ಕೈಗೆ ಹೋಗುತ್ತಿದ್ದವು ಎಂದಾಯಿತು.

ಇನ್ನು ಕೆಲವು ಬೆಟ್ಟಗಳು ದೇವರನ್ನು ಬದಲಿಸಿಕೊಂಡು ಉಳಿದವು. ಉಂಡವಲ್ಲಿಯ ಗುಹೆಯಲ್ಲಿ ಈಗ ಶೇಷಶಾಯಿಯಾದ ಅನಂತಪದ್ಮನಾಭನ ದೊಡ್ಡ ಮೂರ್ತಿ ಮಲಗಿದೆ. ಅದರ ಅಂತಸ್ತುಗಳ ವಿನ್ಯಾಸ ಮಾತ್ರ ಭಿಕ್ಷುಗಳ ವಿಹಾರವನ್ನೇ ಹೋಲುತ್ತದೆ.

ಈ ಬೆಟ್ಟಗಳ ಬಗ್ಗೆ ಹ್ಯೂಯೆನ್ ತ್ಸಾಂಗ್ ಕೇಳಿ ಬರೆದ ಇನ್ನೊಂದು ಕಥೆಯಿದೆ. ರಾಜಧಾನಿಯ ದಕ್ಷಿಣಕ್ಕೆ ದೊಡ್ಡ ಬಂಡೆಯೊಂದಿತ್ತು. ತಾರ್ಕಿಕ ಭಾವವಿವೇಕ ಮುಂದೆ ಬರಲಿರುವ ಮೈತ್ರೇಯ ಬುದ್ಧನನ್ನು ಕಾಣುವವರೆಗೆ ಬದುಕಿರಬೇಕೆಂದು ಅಲ್ಲಿ ವರ್ಷಗಟ್ಟಲೆ ತಪಸ್ಸು ಮಾಡಿದ. ಕೊನೆಗೆ ಮಂತ್ರಿಸಿದ ಸಾಸಿವೆ ಎರಚಿದಾಗ ಬಂಡೆ ಬಾಯಿ ತೆರೆಯಿತು. ಒಳಗೆ ಹೋಗುವ ಮುನ್ನ ಅವನು ಹೊರಗೆ ನೆರೆದವರನ್ನೆಲ್ಲ ಬನ್ನಿ ಎಂದು ಕರೆದ. ವಿಷದ ಹಾವುಗಳ ಗುಹೆ ಎಂದು ಜನ ಹಿಂಜರಿದರು. ಮತ್ತೆ ಮತ್ತೆ ಕರೆದ ಮೇಲೆ ಆರು ಮಂದಿ ಮಾತ್ರ ಹಿಂದೆ ಹೋದರು, ಬಂಡೆ ಮುಚ್ಚಿಕೊಂಡಿತು. ಯುಗಗಳನ್ನು ಕಾಯಲು ಹೊರಟವನಿಗೂ ಒಬ್ಬನೇ ಒಳಗೆ ಹೋಗುವ ಮನಸ್ಸಿರಲಿಲ್ಲ ಎಂಬುದು ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಮಾತು.

ಈಗ ಹೋಗುವವರಿಗೆ

ಬೆಂಗಳೂರಿನಿಂದ ಭುವನೇಶ್ವರಕ್ಕೆ ಹೋಗುವ ಪ್ರಶಾಂತಿ ಎಕ್ಸ್‌ಪ್ರೆಸ್ ವಿಜಯವಾಡ, ವಿಶಾಖಪಟ್ಟಣ ಎರಡನ್ನೂ ಮುಟ್ಟುತ್ತದೆ. ಕನ್ನಡನಾಡಿನ ಅನೇಕರು ವೈಜಾಗಿಗೆ ಹೋಗಿ ಕಡಲು, ಅರಕು, ಬೊರ್ರಾ ಗುಹೆ ನೋಡಿ ಮರಳುತ್ತಾರೆ. ಅವರು ಒಂದು ದಿನವನ್ನು ತೊಟ್ಲಕೊಂಡ ಮತ್ತು ಬಾವಿಕೊಂಡಕ್ಕೆ, ಇನ್ನೊಂದನ್ನು ಶಂಕರಂಗೆ ಕೊಡಲಿ. ವಿಜಯವಾಡದಲ್ಲಿ ಇಳಿದರೆ ಪ್ರಕಾಶಂ ಬ್ಯಾರೇಜಿನ ಮೇಲೆ ಕೃಷ್ಣೆಯನ್ನು ದಾಟಿ ಉಂಡವಲ್ಲಿಗೆ ಹೋಗಲಿ. ತೊಟ್ಲಕೊಂಡಕ್ಕೆ ವಾಹನದ ರಸ್ತೆಯಿದೆ. ಸಾಧ್ಯವಾದವರು ಬೆಳಗಿನ ತಂಪಿನಲ್ಲಿ ಆ ಏರನ್ನು ನಡೆದೇ ಹತ್ತಲಿ. ನೆತ್ತಿ ತಲುಪಿ ಬಾಯಾರಿದಾಗ ಆ ತೊಟ್ಟಿಗಳ ಅರ್ಥ ಯಾವ ಫಲಕವೂ ಹೇಳದಷ್ಟು ಸ್ಪಷ್ಟವಾಗಿ ತಿಳಿಯುತ್ತದೆ.

ಒಬ್ಬರೇ ಹೋಗಬೇಡಿ. ಸುರಕ್ಷತೆಯ ಮಾತು ಇದ್ದೇ ಇದೆ, ಅದಕ್ಕಿಂತ ದೊಡ್ಡ ಕಾರಣ ಬೇರೆ. ಜೊತೆಗಿರುವವರು ನಾವು ನೋಡದ್ದನ್ನು ನೋಡುತ್ತಾರೆ. ತೆಲುಗು ಬಲ್ಲ ಗೆಳೆಯರಿದ್ದರೆ ಇನ್ನೂ ಒಳ್ಳೆಯದು. ಕೆಳಗಿನ ಮೀನುಗಾರರ ಊರಿನವರು ತಮ್ಮ ಬೆಟ್ಟದ ಬಗ್ಗೆ ಹೇಳುವ ಮಾತುಗಳನ್ನು ಕೇಳಬಹುದು. ಅವರಿಂದ ಕೇಳಿಸಿಕೊಂಡಷ್ಟೇ ನಮ್ಮದನ್ನೂ ಹೇಳಬೇಕು. ವೆಂಗಿ ಮತ್ತು ಬಾದಾಮಿಯ ನಂಟು ಅಲ್ಲಿಯ ಎಷ್ಟೋ ಮಂದಿಗೆ ಹೊಸ ಸಂಗತಿ, ಇಲ್ಲಿಯ ನಮಗೂ ಮರೆತ ಸಂಗತಿ.

ಈ ಬೆಟ್ಟಗಳಿಗೆ ಈಗಲೂ ಕಾವಲು ಬೇಕಾಗಿದೆ. ಹಳೆಯ ಇಟ್ಟಿಗೆಯ ಮೇಲೆ ಹೆಸರು ಕೊರೆಯುವುದು, ತೊಟ್ಟಿಯಲ್ಲಿ ಪ್ಲಾಸ್ಟಿಕ್ ಬಾಟಲಿ ಎಸೆಯುವುದು, ಸ್ತೂಪದ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುವುದು ಇವೆಲ್ಲ ಆ ಜಾಗವನ್ನು ಮತ್ತೊಮ್ಮೆ ಪಾಳು ಮಾಡುವ ಕೆಲಸ. ಹಳೆಯ ಭಿಕ್ಷುಗಳ ಕಟ್ಟಳೆ ನಮಗೂ ಸಲ್ಲುತ್ತದೆ: ಬರುವಾಗ ಬಾಗಿಲು ತಟ್ಟು, ಹೋಗುವಾಗ ಎಲ್ಲವನ್ನೂ ಒಪ್ಪವಾಗಿಟ್ಟು ಇನ್ನೊಬ್ಬರಿಗೆ ಒಪ್ಪಿಸು. ಅರಸ ಕಡಿಸಿದ ಬಂಡೆಯೊಂದರಿಂದಲೇ ಪೂರ್ವಶೈಲ ಉಳಿಯಲಿಲ್ಲ. ನೀರು ತುಂಬಿಡುವವರು, ಪಾಠ ಹೇಳುವವರು, ಬಂದವರನ್ನು ಎದುರುಗೊಳ್ಳುವವರು ಇರುವಷ್ಟು ದಿನ ಅದು ಮನೆಯಾಗಿತ್ತು. ದೂರದ ಬೆಟ್ಟಕ್ಕೆ ಗೆಳೆಯರೊಡನೆ ನಡೆದು ಹೋಗುವ ನಾವೆಲ್ಲ ಒಂದು ದಿನದ ಮಟ್ಟಿಗಾದರೂ ಆ ಮನೆಯವರೇ. ಅತಿಥಿಯ ಹಕ್ಕು ಕೇಳುವವರು ಮನೆಯವರ ಕೆಲಸವನ್ನೂ ಮಾಡಬೇಕು.